ಪಟ್ಟಿ ಬರುವ ಮೊದಲೇ ಬಿದ್ದ ಹಾರ

ಸುನಿಲ್‌ಕುಮಾರನನ್ನು ಸೈನ್ಯ ಸೇರಿಸಿಕೊಳ್ಳುವ ಮೊದಲೇ ಅವನ ಊರು ಅವನನ್ನು ಸೈನ್ಯಕ್ಕೆ ಕಳಿಸಿಕೊಟ್ಟಿತ್ತು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರು ಅನ್ನುತ್ತಾರಲ್ಲ, ತೂಬಗೆರೆ ಹೋಬಳಿಯ ಆ ಊರಿನವರು ಕುಲಾವಿಗೇ ನಿಲ್ಲಲಿಲ್ಲ. ತಮಟೆ ಬಡಿಸಿ, ಕುರಿ ಕೊಯ್ಯಿಸಿ, ನಾಮಕರಣವನ್ನೂ ಮುಗಿಸಿಬಿಟ್ಟರು.

ನಡೆದದ್ದು ಇಷ್ಟು. ಅಗ್ನಿವೀರರ ಭರ್ತಿಯಲ್ಲಿ ಸುನಿಲ ಪರೀಕ್ಷೆ ಬರೆದು ಪಾಸಾದ, ಓಟದಲ್ಲೂ ಪಾಸಾದ. ಆಮೇಲೆ ಡಾಕ್ಟರು ಅವನನ್ನು ನೆಟ್ಟಗೆ ನಿಲ್ಲಿಸಿ ನೋಡಿದರು. ನೆಟ್ಟಗೆ ನಿಂತರೆ ಅವನ ಎರಡು ಮೊಣಕಾಲುಗಳು ಒಂದಕ್ಕೊಂದು ತಾಗುತ್ತವೆ. ನಡೆಯೋದಕ್ಕೆ ಓಡೋದಕ್ಕೆ ಅದರಿಂದ ಏನೂ ತೊಂದರೆಯಿಲ್ಲ, ಆದರೆ ಸೈನ್ಯಕ್ಕೆ ಅಂಥ ಮೊಣಕಾಲು ಬೇಡ. ಬೆಂಗಳೂರಿನ ಮಿಲಿಟರಿ ಆಸ್ಪತ್ರೆಯಲ್ಲಿ ಇನ್ನೊಮ್ಮೆ ನೋಡುತ್ತೇವೆ, ಬಾ ಅಂದರು. ಸುನಿಲ ಮನೆಗೆ ಬಂದು ಅಷ್ಟನ್ನೂ ಇದ್ದದ್ದು ಇದ್ದಂತೆಯೇ ಹೇಳಿದ.

ಅವನ ತಾಯಿ ವರಲಕ್ಷ್ಮಮ್ಮ ಕೇಳಿ ನಕ್ಕಳು. "ಅಯ್ಯೋ ಹುಚ್ಚಪ್ಪ, ಹೆಣ್ಣು ನೋಡೋಕೆ ಬಂದವ್ರು ಇನ್ನೊಂದ್ಸಲ ಬರ್ತೀವಿ ಅಂದ್ರೆ ಏನರ್ಥ? ಒಪ್ಕೊಂಡವ್ರೆ ಅಂತ ತಾನೆ? ಬ್ಯಾಡ ಅನ್ನೋವ್ರು ಯಾಕೆ ತಿರುಗಾ ಕರೀತಾರೆ?" ಹೆಣ್ಣು ನೋಡುವ ಶಾಸ್ತ್ರದಲ್ಲಿ ಅದು ನಿಜವೇ. ಸೈನ್ಯದಲ್ಲಿ ಬೇರೆ ಶಾಸ್ತ್ರ ಇರಬಹುದು ಎಂದು ಆ ಮನೆಯಲ್ಲಿ ಯಾರಿಗೂ ಹೊಳೆಯಲಿಲ್ಲ. ಅಪ್ಪ ಅಪ್ಪಯ್ಯಣ್ಣನಂತೂ ಹೆಂಡತಿಯ ಮಾತು ಮುಗಿಯುವುದರೊಳಗೆ ಡೈರಿಯ ಕಡೆ ಹೊರಟಾಗಿತ್ತು, ಹಾಲು ಹಾಕಲು ಬಂದವರಿಗೆಲ್ಲ ಸುದ್ದಿ ಹೇಳಬೇಕಲ್ಲ!

ಪಂಚಾಯ್ತಿ ಚುನಾವಣೆಗೆ ನಿಲ್ಲುವ ಆಸೆಯಿದ್ದ ಆನಂದ ಎಂಬುವನು ರಾತ್ರಿ ಬೆಳಗಾಗುವಷ್ಟರಲ್ಲಿ ಬಸ್‌ಸ್ಟ್ಯಾಂಡಿನಲ್ಲಿ ಫ್ಲೆಕ್ಸ್ ಕಟ್ಟಿಸಿದ. ಯಾರದೋ ಯೂನಿಫಾರಂ ಹಾಕಿದ ಮೈಗೆ ಸುನಿಲನ ತಲೆ ಅಂಟಿಸಿ, ಕೆಳಗೆ 'ನಮ್ಮೂರ ವೀರಪುತ್ರ' ಎಂದು ಬರೆಸಿ, ಪಕ್ಕದಲ್ಲಿ ತನ್ನ ಫೋಟೋ ಸ್ವಲ್ಪ ದೊಡ್ಡದಾಗಿಯೇ ಹಾಕಿಸಿಕೊಂಡಿದ್ದ. ಹುಡುಗನ ಕೊರಳಿಗೆ ಹಾರ ಹಾಕಿ, ಟ್ರ್ಯಾಕ್ಟರ್ ಮೇಲೆ ನಿಲ್ಲಿಸಿ ಮೆರವಣಿಗೆ ಮಾಡಿದರು. "ಇನ್ನೂ ಮೆಡಿಕಲ್ ಐತೆ ಕಣಣ್ಣ, ಪಟ್ಟಿ ಬಂದಿಲ್ಲ" ಎಂದು ಸುನಿಲ ಆನಂದನ ಕಿವಿಯಲ್ಲಿ ಕೂಗಿದ. ತಮಟೆಯ ಸದ್ದಿನಲ್ಲಿ ಆನಂದ ಅದಕ್ಕೂ ಕೈಮುಗಿದ. ಬಾಡೂಟ ಆಯಿತು. ಊರೆಲ್ಲ ಮುದ್ದೆ ಮುರಿದು, ಹರಸಿ, ಅವನನ್ನು ಬಸ್ಸು ಹತ್ತಿಸಿತು.

ಆಸ್ಪತ್ರೆಯಲ್ಲಿ ಅವನ ಮೊಣಕಾಲುಗಳು ಮತ್ತೆ ತಾಗಿದವು. ಆಗುವುದಿಲ್ಲ, ಹೋಗಬಹುದು ಅಂದರು.

ಗೇಟಿನ ಹೊರಗೆ ಕೂತಿದ್ದವನನ್ನು ಮಾತಾಡಿಸಿದ್ದು ನಿವೃತ್ತ ಸುಬೇದಾರ್ ಹರಿಪ್ರಸಾದ್. ಹೊಸಕೋಟೆಯ ಹತ್ತಿರ, ಪಿಲ್ಲಗುಂಪೆ ಫ್ಯಾಕ್ಟರಿಗಳ ಬೆನ್ನಿಗೆ, ಸೈನ್ಯಕ್ಕೆ ಸೇರುವ ಹುಡುಗರಿಗೆ ತರಬೇತಿ ಕೊಡುವ ಅಕಾಡೆಮಿಯೊಂದನ್ನು ಆತ ನಡೆಸುತ್ತಿದ್ದರು. ಫುಟ್‌ಬಾಲ್ ಆಡ್ತೀಯಾ ಎಂದು ಕೇಳಿದರು. ಕಾಲೇಜಿನಲ್ಲಿ ಗೋಲ್‌ಕೀಪರ್ ಆಗಿದ್ದೆ ಎಂದ. ಸುಬೇದಾರರು ಅವನ ಕಾಲು ನೋಡಿ, "ಈ ಕಾಲಿನ ಸಂದೀಲಿ ಬಾಲ್ ತೂರೋ ಹಂಗೇ ಇಲ್ವಲ್ಲಯ್ಯ, ನನಗೆ ಬೇಕಾಗಿರೋನು ನೀನೇ" ಎಂದು ಜೋರಾಗಿ ನಕ್ಕರು. ಆ ದಿನ ಅವನ ಮೊಣಕಾಲನ್ನು ಹೊಗಳಿದವರು ಅವರೊಬ್ಬರೇ. ಎರಡು ದಿನ ಇದ್ದು, ಮನಸ್ಸು ತಿಳಿಯಾದ ಮೇಲೆ ಊರಿಗೆ ಹೋಗಿ ಹೇಳಿದರಾಯಿತು ಎಂದುಕೊಂಡು ಅವರ ಜೀಪು ಹತ್ತಿದ.

ಸಂಜೆ ಮನೆಗೆ ಫೋನು ಮಾಡಿದ. ನಿಜ ಹೇಳುವುದಕ್ಕೆಂದೇ ಮಾಡಿದ್ದು. ಅಪ್ಪ ಸ್ಪೀಕರ್ ಹಾಕಿದ್ದ. ಹಿಂದೆ ಡೈರಿಯ ಜನವೆಲ್ಲ ಸೇರಿದ್ದು ಕೇಳಿಸುತ್ತಿತ್ತು. "ಸೇರ್ಕೊಂಡ್ಯಾ ಮಗಾ?" ಎಂದು ಅಪ್ಪಯ್ಯಣ್ಣ ಕೇಳಿದ. ಅಷ್ಟು ಜನದ ಮುಂದೆ ಆ ಮುದುಕನ ಮುಖ ಹೇಗಾದೀತು ಎಂದು ಸುನಿಲನಿಗೆ ಕಣ್ಣಿಗೆ ಕಟ್ಟಿತು. "ಹ್ಞೂಂ" ಅಂದ.

ಅದೊಂದು 'ಹ್ಞೂಂ' ಅವನನ್ನು ಕಟ್ಟಿಹಾಕಿತು. ನಾಳೆ ಹೇಳೋಣ, ಹಬ್ಬ ಕಳೆಯಲಿ, ರಾಗಿ ಕೊಯ್ಲು ಮುಗಿಯಲಿ ಎನ್ನುತ್ತಾ ಹೇಳುವ ದಿನ ಮುಂದೆ ಮುಂದೆ ಹೋಯಿತು. ಕಡೆಗೆ ಅವನ ತಲೆಯಲ್ಲಿ ಒಂದು ಲೆಕ್ಕ ಹುಟ್ಟಿತು. ಅಗ್ನಿವೀರನ ನೌಕರಿ ನಾಲ್ಕೇ ವರ್ಷ. ಮುಗಿದ ಮೇಲೆ ನಾಲ್ವರಲ್ಲಿ ಒಬ್ಬನನ್ನು ಖಾಯಂ ಮಾಡಿ ಮಿಕ್ಕವರನ್ನು ಮನೆಗೆ ಕಳಿಸುತ್ತಾರೆ. ಅಂದರೆ ಈ ಸುಳ್ಳಿಗೂ ನಾಲ್ಕೇ ವರ್ಷ ಆಯುಸ್ಸು. ಅವಧಿ ಮುಗಿಯಿತು, ಬಿಟ್ಟು ಕಳಿಸಿದರು ಎಂದು ಮಾನವಾಗಿ ಊರಿಗೆ ಹೋಗಬಹುದು. ತೋಟ ನೋಡಿಕೊಂಡು, ಹೈಸ್ಕೂಲು ಮೈದಾನದಲ್ಲಿ ಹುಡುಗರಿಗೆ ಫುಟ್‌ಬಾಲ್ ಹೇಳಿಕೊಟ್ಟುಕೊಂಡು, ತನ್ನ ಹೆಸರಿನಲ್ಲಿ ತಾನಿರಬಹುದು. ಅಷ್ಟೇ ಅವನಿಗೆ ಬೇಕಾಗಿದ್ದದ್ದು. ಶಿಕ್ಷೆಯಾದವನು ಬಿಡುಗಡೆಯ ದಿನಕ್ಕೆ ಕಾಯುವಂತೆ ಅವನು ಆ ದಿನಕ್ಕೆ ಕಾದ.

ಕಾಯುವುದೇನು ಸುಲಭವೇ? ಊರಿಗೂ ಪಿಲ್ಲಗುಂಪೆಗೂ ನಡುವೆ ಒಂದು ಬೆಳಗಿನ ಬಸ್ ಪ್ರಯಾಣ. ಹಾಗಾಗಿ ದೊಡ್ಡಬಳ್ಳಾಪುರ, ದೇವನಹಳ್ಳಿ ಕಡೆ ಅವನು ಕಾಲಿಡುವಂತಿರಲಿಲ್ಲ. ತಂಡದ ಫೋಟೋ ತೆಗೆಯುವ ಕೆಲಸ ತಾನೇ ವಹಿಸಿಕೊಂಡ, ಫೋಟೋದಲ್ಲಿ ತಾನು ಬೀಳಬಾರದಲ್ಲ. ಅಮ್ಮ ವಿಡಿಯೋ ಕಾಲ್ ಮಾಡಿದರೆ ಗಡಿಯಲ್ಲಿ ನೆಟ್‌ವರ್ಕ್ ಇಲ್ಲ. ಪಾಪ, ದೇಶದ ಗಡಿಯ ಮೇಲೆ ಅಷ್ಟು ಅಪವಾದ ಶತ್ರುಗಳೂ ಹೊರಿಸಿರಲಿಕ್ಕಿಲ್ಲ. ವರ್ಷಕ್ಕೆ ಎರಡು ಸಲ 'ರಜೆ'ಯ ಮೇಲೆ ಊರಿಗೆ ಹೋಗುವಾಗ ಹೆಸರು ಬರೆಸಿದ ಕಪ್ಪು ಟ್ರಂಕು ಹೊರಬೇಕು. ಜೊತೆಗೆ ಮಿಲಿಟರಿ ಕ್ಯಾಂಟೀನಿನ ರಮ್ಮು ಇಲ್ಲದಿದ್ದರೆ ಆ ಸೀಮೆಯಲ್ಲಿ ಯಾರೂ ಯಾರನ್ನೂ ಸೈನಿಕ ಅಂತ ಒಪ್ಪುವುದಿಲ್ಲ. ಅದನ್ನು ಸುಬೇದಾರರೇ ಕೊಡುತ್ತಿದ್ದರು. ಅವರಿಗೆ ಎಲ್ಲ ಗೊತ್ತಿತ್ತು. ಈ ಭೂಮಿಯ ಮೇಲೆ ಅವನ ನಿಜ ಗೊತ್ತಿದ್ದವರು ಅವರೊಬ್ಬರೇ ಎಂದು ಸುನಿಲ ನಂಬಿದ್ದ.

"ತಗೋ. ಇದನ್ನ ಕುಡಿಸಿ ನಿಜ ಹೇಳ್ಬಿಡು," ಎಂದು ಪ್ರತಿ ಸಲವೂ ಬಾಟಲಿ ಕೊಡುತ್ತಾ ಹೇಳುತ್ತಿದ್ದರು. "ಒಂದು ಮಾತು ಮಾತ್ರ ನೆನಪಿಟ್ಕೋ. ಯೂನಿಫಾರಂ ಮೈಮೇಲೆ ಹಾಕಿದ್ದು ಕಂಡ್ರೆ ನಾನೇ ನಿನ್ನ ಕಾಲು ಮುರೀತೀನಿ."

ಅವನು ಹಾಕಲಿಲ್ಲ. ನಿಜವನ್ನೂ ಹೇಳಲಿಲ್ಲ. ಮನೆಯಲ್ಲಿ ಕೂತು ಅಮ್ಮ ಬಡಿಸಿದ ಬಸ್ಸಾರು ಉಣ್ಣುವಾಗ ಹಿಮ ಹೇಗಿರುತ್ತೆ ಎಂದು ಯಾರಾದರೂ ಕೇಳಿದರೆ ಮೊಬೈಲಿನಲ್ಲಿ ನೋಡಿದ್ದನ್ನೇ ಕಥೆ ಮಾಡಿ ಹೇಳುತ್ತಿದ್ದ. ಸ್ವಂತ ಮನೆಯಲ್ಲಿ ನೆಂಟನ ಹಾಗೆ ಇದ್ದು, ಹೊರಡುವ ದಿನ ಬಂದರೆ ಸಾಕಪ್ಪಾ ಅನ್ನಿಸುತ್ತಿತ್ತು. ಬಸ್ಸು ಹತ್ತಿದ ಮೇಲೆ ಅಳು ಬರುತ್ತಿತ್ತು.

ಇರುವ ಒಂದೇ ಸಮಾಧಾನ ಅಂದರೆ ತಂಡ. ಕಾಲೇಜು ಹುಡುಗರ ಜೊತೆ ಆಡುವ ವಯಸ್ಸು ದಾಟಿ ಅವನೀಗ ಕೋಚ್ ಆಗಿದ್ದ. ಸುತ್ತಲಿನ ಕಾಲೇಜುಗಳೆಲ್ಲ ಸೇರಿ ಮಾಡಿಕೊಂಡ ಫುಟ್‌ಬಾಲ್ ಕೂಟವೊಂದಿತ್ತು. ಅದರಲ್ಲಿ ಎರಡು ಗುಂಪು. ಹೊಸಕೋಟೆ, ಮಾಲೂರು ಕಡೆಯ ಕಾಲೇಜುಗಳದ್ದು ಪೂರ್ವದ ಗುಂಪು. ದೊಡ್ಡಬಳ್ಳಾಪುರ, ನೆಲಮಂಗಲ ಕಡೆಯದ್ದು ಪಶ್ಚಿಮದ ಗುಂಪು. ಅಕಾಡೆಮಿಯ ತಂಡ ಕಾಲೇಜಲ್ಲದಿದ್ದರೂ ಪೂರ್ವದಲ್ಲಿ ಹೇಗೋ ಜಾಗ ಗಿಟ್ಟಿಸಿತ್ತು. ಊರಿನ ದಿಕ್ಕಿಗೆ ಬೆನ್ನು ಹಾಕಿ ಆಡುವ ಗುಂಪು ಅದು. ಸುನಿಲನಿಗೆ ಅದಕ್ಕಿಂತ ಇನ್ನೇನು ಬೇಕು?

ನಾಲ್ಕನೆಯ ವರ್ಷ ಶುರುವಾಗಿತ್ತು. ಇನ್ನೇನು ಬಿಡುಗಡೆ ಅನ್ನುವಾಗ ಪೂರ್ವದ ಗುಂಪಿನಲ್ಲಿ ಬಿರುಕು ಬಂತು. ಅಲ್ಲಿದ್ದ ಒಂದು ದುಡ್ಡುಳ್ಳ ಕಾಲೇಜು, ನಮ್ಮ ಮೈದಾನಕ್ಕೆ, ನಮ್ಮ ಹೆಸರಿಗೆ ತಕ್ಕ ತಂಡಗಳು ಇಲ್ಲಿಲ್ಲ ಎಂದು ಬೆಂಗಳೂರಿನ ಕೂಟಕ್ಕೆ ಹೋಯಿತು. ದೊಡ್ಡವರು ಎದ್ದ ಪಂಕ್ತಿಯಲ್ಲಿ ಕೂತರೆ ಮರ್ಯಾದೆಯಲ್ಲ ಎಂದು ಇನ್ನೆರಡು ಕಾಲೇಜು ಅದರ ಹಿಂದೆ ಹೋದವು. ಉಳಿದವರು ಯಾರು ಕಾರಣ ಎಂದು ಕಿತ್ತಾಡಿಕೊಂಡರು. ಕೊನೆಗೆ ಗುಂಪನ್ನೇ ಮುಚ್ಚಿ, ಅಕಾಡೆಮಿಯ ತಂಡವನ್ನು ಪಶ್ಚಿಮಕ್ಕೆ ಸೇರಿಸಿದರು. ಯಾರ ಜೊತೆ ಆಡಬೇಕು ಅನ್ನುವುದು ಆಡುವವರಿಗೆ ಎಲ್ಲರಿಗಿಂತ ಕೊನೆಗೆ ಗೊತ್ತಾಗುತ್ತದೆ.

ಸುಬೇದಾರರಿಗೆ ಖುಷಿಯೋ ಖುಷಿ. "ಅಮೆರಿಕದಲ್ಲೂ ಹಿಂಗೇ ಕಣಯ್ಯ, ಮೊಬೈಲ್‌ನಲ್ಲಿ ನೋಡ್ದೆ. ಅಲ್ಲಿ ಮಿಲಿಟ್ರಿ ಕಾಲೇಜಿನ ಟೀಮುಗಳೂ ಗುಂಪು ಬದಲಾಯಿಸ್ತಾವೆ. ಅವ್ರ ಫುಟ್‌ಬಾಲು ಕೈಯಲ್ಲಿ ಹಿಡ್ಕೊಂಡು ಓಡೋದು, ಅದು ಬೇರೆ ವಿಷಯ ಬಿಡು." ಆಮೇಲೆ ಹೊಸ ಪಂದ್ಯಗಳ ವಿವರ ಓದಿದರು. ಮೊದಲ ಪಂದ್ಯ ದೊಡ್ಡಬಳ್ಳಾಪುರದ ಕಾಲೇಜೊಂದರ ಜೊತೆ. ಅವರ ಮೈದಾನದಲ್ಲಿ ಹೊಸ ಕಟ್ಟಡಕ್ಕೆ ಪಾಯ ತೆಗೆದಿದ್ದರಿಂದ ಆಟ ತೂಬಗೆರೆಯ, ಅಂದರೆ ಅವನ ಊರಿನ ಪಕ್ಕದ, ಹೈಸ್ಕೂಲು ಮೈದಾನದಲ್ಲಿ.

ಸುನಿಲ ಅವರ ಕಾಲು ಹಿಡಿಯುವುದೊಂದು ಬಾಕಿ. "ಸಾರ್, ಇದೊಂದು ಮ್ಯಾಚಿಗೆ ಬೇರೆ ಯಾರನ್ನಾದ್ರೂ ಕಳಿಸಿ. ಇನ್ನೊಂದಷ್ಟು ತಿಂಗಳು, ಅಷ್ಟೇ."

"ಬೇರೆ ಯಾರಿದ್ದಾರೆ? ನಾನು ಆವತ್ತು ಮಗಳ ಮನೆ ಗೃಹಪ್ರವೇಶಕ್ಕೆ ಹೋಗ್ಬೇಕು." ಸುಬೇದಾರರ ದನಿ ಮೆತ್ತಗಾಯಿತು. "ನೋಡು ಸುನಿಲ, ನೀನಾಗೇ ಹೋಗಿ ಹೇಳ್ಲಿಲ್ಲ, ಈಗ ನಿಜಾನೇ ನಿನ್ನ ಕರ್ಕೊಂಡು ಹೋಗ್ತಾ ಐತೆ. ಹೋಗು. ಹೇಳ್ಬಿಟ್ಟು ಬಾ."

ಆ ವಾರವೆಲ್ಲ ಅವನಿಗೆ ಬಿಸಿತುಪ್ಪ ಬಾಯಲ್ಲಿಟ್ಟುಕೊಂಡ ಹಾಗಿತ್ತು, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಆದರೆ ಭಾನುವಾರ ಬೆಳಿಗ್ಗೆ ವ್ಯಾನು ದೇವನಹಳ್ಳಿ ದಾಟಿದಾಗ ಮನಸ್ಸು ತಾನಾಗಿಯೇ ಒಂದು ಕಡೆ ನಿಂತಿತು. ಸಾಕು. ಇವತ್ತು ಹೇಳಿಬಿಡುತ್ತೇನೆ. ಅಪ್ಪ ಬೈದರೆ ಬೈಯಲಿ, ಹೊಡೆದರೆ ಹೊಡೆಯಲಿ. ಊರು ನಗಲಿ, ಎಷ್ಟು ದಿನ ನಕ್ಕಾರು? ಬೆನ್ನ ಮೇಲೆ ಅಕಾಡೆಮಿಯ ಹೆಸರು ಬರೆದ ಟ್ರ್ಯಾಕ್‌ಸೂಟನ್ನೇ ಹಾಕಿಕೊಂಡಿದ್ದ, ಮರೆಮಾಚುವ ಗೋಜಿಗೆ ಹೋಗಲಿಲ್ಲ. ಎಷ್ಟೋ ವರ್ಷದ ಮೇಲೆ ಕಿಟಕಿಯಲ್ಲಿ ಮುಖ ಹೊರಗೆ ಹಾಕಿ, ಗಾಳಿಗೆ ಕಣ್ಣು ಕಿರಿದು ಮಾಡಿಕೊಂಡು ಕೂತ. ಹುಡುಗರ ಜೊತೆ ತಾನೂ ಒಂದೆರಡು ಸಲ ನಕ್ಕ.

ಮೈದಾನದಲ್ಲಿ ಶಾಮಿಯಾನ ಹಾಕಿತ್ತು. ಈಗ ಪಂಚಾಯ್ತಿ ಮೆಂಬರ್ ಆಗಿದ್ದ ಆನಂದ ಮೈಕು ಹಿಡಿದು ನಿಂತಿದ್ದ. ವ್ಯಾನಿನಿಂದ ಸುನಿಲ ಇಳಿದದ್ದೇ ತಡ, "ರಜೆಯಲ್ಲೂ ವಿಶ್ರಾಂತಿ ಪಡೆಯದೆ, ನಮ್ಮ ಯುವಕರಿಗೆ ಮಾರ್ಗದರ್ಶನ ಮಾಡಲು ಗಡಿಯಿಂದ ಬಂದಿರುವ ನಮ್ಮೂರ ವೀರಪುತ್ರ ಸುನಿಲ್‌ಕುಮಾರ್ ಅವರಿಗೆ ಸ್ವಾಗತ" ಎಂದು ಕೂಗಿದ. ಜನ ಚಪ್ಪಾಳೆ ತಟ್ಟಿದರು. ಸುನಿಲ ವ್ಯಾನಿನ ಪಕ್ಕದಲ್ಲೇ ನಿಂತ. ತಾನು ಬರುವುದು ಇವರಿಗೆ ಗೊತ್ತಿತ್ತೇ? ರಜೆ ಎಂದು ಹೇಳಿದವರು ಯಾರು?

ಶಾಮಿಯಾನದ ಕೆಳಗಿನ ಕುರ್ಚಿಯಲ್ಲಿ ಅಪ್ಪ ಹೊಸ ಪಂಚೆ ಉಟ್ಟು ಕೂತಿದ್ದ. ಪಕ್ಕದಲ್ಲಿ ಗುರುತಿಲ್ಲದ ಹಿರಿಯರೊಬ್ಬರು, ಅವರ ಪಕ್ಕದಲ್ಲಿ ಒಬ್ಬ ಹುಡುಗಿ. ಅಮ್ಮ ಸೆರಗು ಸಿಕ್ಕಿಸಿಕೊಂಡು ಅವನ ಕಡೆಗೆ ಬೇಗ ಬೇಗ ಬಂದಳು. "ಬಾರೋ, ನೀರು ಕುಡಿ ಬಾ" ಎಂದು ಎಲ್ಲರಿಗೂ ಕೇಳುವಂತೆ ಹೇಳಿ, ಕೈ ಹಿಡಿದು ಸ್ಕೂಲಿನ ನೀರಿನ ಟ್ಯಾಂಕಿನ ಹಿಂದಕ್ಕೆ ಕರೆದುಕೊಂಡು ಹೋದಳು.

ಅವನು ತಡಮಾಡಲಿಲ್ಲ. ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದದ್ದನ್ನು ಒಂದೇ ಉಸಿರಿಗೆ ಹೇಳಿದ. "ಅಮ್ಮ, ನಾನು ಮಿಲಿಟ್ರಿ ಸೇರಲೇ ಇಲ್ಲ."

"ಗೊತ್ತು ಕಣೋ," ಅಂದಳು ವರಲಕ್ಷ್ಮಮ್ಮ.

ಟ್ಯಾಂಕಿನ ನಲ್ಲಿ ತೊಟ್ಟಿಕ್ಕುತ್ತಿತ್ತು. ಅವಳು ಅದನ್ನು ಗಟ್ಟಿಯಾಗಿ ತಿರುಗಿಸಿ ನಿಲ್ಲಿಸಿ, ಕೈ ಒರೆಸಿಕೊಂಡಳು.

"ನೀನು ಹೋದ ಮಾರನೇ ವರ್ಷ ನಿಮ್ಮ ದೊಡ್ಡಮ್ಮ ಅನಸೂಯನ ಮೊಮ್ಮಗನ ನಾಮಕರಣಕ್ಕೆ ಹೊಸಕೋಟೆಗೆ ಹೋಗಿದ್ದೆ. ಬಸ್ಸು ಸಿಗ್ನಲ್ ಹತ್ರ ನಿಂತಿತ್ತು. ಬಯಲಲ್ಲಿ ನೀನು ಬಗ್ಗಿ ಸುಣ್ಣದ ಗೆರೆ ಹಾಕ್ತಾ ಇದ್ದೆ. ಬೆನ್ನು ನೋಡಿದ್ರೆ ಗೊತ್ತಾಗಲ್ವೇನೋ ನಂಗೆ? ಇಳಿಯೋಣ ಅಂತ ಎದ್ದೆ. ಇಳಿದು ಏನ್ ಕೇಳ್ಲಿ? ಹಂಗೇ ಕೂತ್ಕೊಂಡೆ. ಆ ಬಯಲಿನ ಬೋರ್ಡಲ್ಲಿದ್ದ ಹೆಸರೇ ಈ ಮ್ಯಾಚಿನ ಫ್ಲೆಕ್ಸ್‌ನಲ್ಲೂ ಇತ್ತು, ರಜೆ ಮೇಲೆ ನೀನೂ ಬರ್ತೀಯ ಅಂತ ಆನಂದಂಗೆ ನಾನೇ ಹೇಳ್ದೆ."

"ಮತ್ತೆ ಯಾಕೆ ಹೇಳ್ಲಿಲ್ಲ? ಇಷ್ಟು ವರ್ಷ ನಾನು..." ಅಂದ ಸುನಿಲ. ಗಡಿಯ ನೆಟ್‌ವರ್ಕು, ಹಿಮದ ಕಥೆ, ಎಲ್ಲವನ್ನೂ ಅಮ್ಮ ಗೊತ್ತಿದ್ದೇ ಕೇಳಿಸಿಕೊಂಡಿದ್ದಳು. ಅವಮಾನಕ್ಕಿಂತ ಹೆಚ್ಚಾಗಿ ಅವನಿಗೆ ಬಿಡುಗಡೆಯೇ ಆದಂತಾಯಿತು. ಒಬ್ಬರಿಗೆ ಗೊತ್ತು, ಆದರೂ ಪ್ರೀತಿಸುತ್ತಾರೆ ಅಂದರೆ ಅರ್ಧ ಭಾರ ಇಳಿದ ಹಾಗೆ. "ಹೋಗ್ಲಿ ಬಿಡಮ್ಮ. ಇವತ್ತು ಅಪ್ಪಂಗೂ ಹೇಳ್ಬಿಡ್ತೀನಿ. ನೀನು ಪಕ್ಕದಲ್ಲಿರು, ಸಾಕು."

"ಹೇಳೋ ಹಂಗಿಲ್ಲ ಮಗಾ."

"ಆಯ್ತು, ಇವತ್ತು ಬ್ಯಾಡ. ನಾಲ್ಕು ವರ್ಷ ತುಂಬಿದ ಮೇಲೆ, ಬಿಟ್ಟು ಕಳಿಸಿದ್ರು ಅಂತ ಬಂದ್ಬಿಡ್ತೀನಿ."

ವರಲಕ್ಷ್ಮಮ್ಮ ಅವನ ಮುಖ ನೋಡಲಿಲ್ಲ. ಅವನ ಟ್ರ್ಯಾಕ್‌ಸೂಟಿನ ಕಾಲರನ್ನು ಸರಿಮಾಡುತ್ತಾ ಮೆಲ್ಲಗೆ ಹೇಳಿದಳು. "ಅದೂ ಆಗಲ್ಲ. ನಿನ್ನ ಪರ್ಮನೆಂಟ್ ಮಾಡ್ಕೊಂಡವ್ರೆ ಅಂತ ಹೇಳ್ಬುಟ್ಟಿದ್ದೀನಿ."

ಅವನಿಗೆ ಕೂಡಲೇ ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಟ್ಯಾಂಕಿನ ಗೋಡೆಗೆ ಕೈಕೊಟ್ಟು ನಿಂತ.

"ಅಲ್ಲಿ ನಿಮ್ಮಪ್ಪನ ಪಕ್ಕ ಕೂತವ್ರಲ್ಲ, ದೇವನಹಳ್ಳಿ ಕಡೆ ವಿಜಯಪುರದೋರು. ಆ ಹುಡುಗಿ ನವ್ಯಶ್ರೀ. ಡಿಗ್ರಿ ಮಾಡವ್ಳೆ. ಹೊಲ ಉಳೋನಿಗೆ ಈಗ ಯಾರೋ ಹೆಣ್ಣು ಕೊಡ್ತಾರೆ? ನಾಲ್ಕು ವರ್ಷದ ನೌಕ್ರಿ ಅಂದ್ರೆ ಅವ್ರೂ ಎದ್ದು ಹೋಗ್ತಿದ್ರು. ಅದ್ಕೇ ಅಂದೆ. ಒಪ್ಕೊಂಡವ್ರೆ. ಮುಂದಿನ ತಿಂಗಳು ನಿಶ್ಚಿತಾರ್ಥ."

"ಅಮ್ಮ! ಖಾಯಂ ಆಗೋರ ಪಟ್ಟೀನೇ ಇನ್ನೂ ಬಂದಿಲ್ಲ!" ಅಂದ ಸುನಿಲ. ಸೈನ್ಯದಲ್ಲೇ ಇಲ್ಲದವನು ಸೈನ್ಯದ ಪಟ್ಟಿಯ ಮಾತಾಡುತ್ತಿದ್ದೇನೆ ಎಂದು ಅವನಿಗೇ ತಿಳಿಯಲಿಲ್ಲ.

"ಆವತ್ತೂ ಪಟ್ಟಿ ಬಂದಿರಲಿಲ್ಲ," ಅಂದಳು ತಾಯಿ. "ನಡ್ಕೊಂಡು ಹೋಗ್ಲಿಲ್ವಾ?"

"ಮದುವೆ ಆದ್ಮೇಲೆ ಆ ಹುಡುಗೀಗೆ ಏನು ಹೇಳೋದು?"

"ಮಿಲಿಟ್ರಿಯೋರ ಹೆಂಡ್ತೀರು ಊರಲ್ಲೇ ಇರ್ತಾರೆ. ನೀನು ವರ್ಷಕ್ಕೆ ಎರಡ್ಸಲ ಬಂದ್ರೆ ಸಾಕು. ಅವಳನ್ನ ನಾನು ಮಗಳಂಗೆ ನೋಡ್ಕೋತೀನಿ." ಆಗ ಮಾತ್ರ ಅವಳ ದನಿ ಒಡೆಯಿತು. "ನಿಮ್ಮಪ್ಪ ಡೈರಿಗೆ ಹೋದ್ರೆ ಎದ್ದು ಕುರ್ಚಿ ಕೊಡ್ತಾರೆ ಕಣೋ. ಹುಟ್ಟಿದಾಗಿನಿಂದ ಆ ಮನುಷ್ಯಂಗೆ ಯಾರೂ ಎದ್ದು ನಿಂತವ್ರಲ್ಲ. ಆ ಕುರ್ಚಿ ನಾನು ಹೆಂಗೆ ಕಿತ್ಕೊಳ್ಲಿ ಹೇಳು?"

ಅತ್ತ ಆಟ ಶುರುವಾಯಿತು. ಸುನಿಲ ಗೆರೆಯ ಪಕ್ಕ ನಿಂತು ಹುಡುಗರಿಗೆ ಏನೇನೋ ಕೂಗಿದ. ಏನು ಕೂಗಿದನೋ ಅವನಿಗೇ ಗೊತ್ತಿಲ್ಲ. ಊರಿನವರು ಪಕ್ಕದ ದೊಡ್ಡಬಳ್ಳಾಪುರದ ತಂಡವನ್ನು ಬಿಟ್ಟು ಹೊಸಕೋಟೆಯಿಂದ ಬಂದ ತಂಡಕ್ಕೆ ಶಿಳ್ಳೆ ಹೊಡೆದರು, ಅದು ತಮ್ಮ ವೀರಪುತ್ರನ ತಂಡವಲ್ಲವೇ! ಅಕಾಡೆಮಿ ಒಂದು ಗೋಲಿನಿಂದ ಗೆದ್ದಿತು. ಆನಂದ ಹಾರ ತರಿಸಿದ. ಮೊದಲನೆಯದಕ್ಕಿಂತ ದೊಡ್ಡ ಹಾರ. ಕೊರಳಿಗೆ ಹಾಕಿ, ಎರಡು ಮಾತಾಡಿ ಎಂದು ಮೈಕು ಕೈಗೆ ಕೊಟ್ಟ.

ಆ ಮೈಕನ್ನು ಹಿಡಿದಾಗ ಸುನಿಲನ ಮುಂದೆ ದಾರಿ ಇನ್ನೂ ತೆರೆದೇ ಇತ್ತು. ಇಡೀ ಊರು ಬಾಯಿ ಮುಚ್ಚಿ ಕೂತಿತ್ತು, ತಮಟೆ ಇರಲಿಲ್ಲ. ನವ್ಯಶ್ರೀ ನಾಚದೆ ನೇರವಾಗಿ ಅವನನ್ನೇ ನೋಡುತ್ತಿದ್ದಳು. ಈ ಮನುಷ್ಯ ಎಂಥವನು ಎಂದು ತಿಳಿದುಕೊಳ್ಳುವ ಹಕ್ಕು ತನಗಿದೆ ಅನ್ನುವ ನೋಟ. ಅವಳಿಗಾದರೂ ಹೇಳಬೇಕು ಎಂದು ಅವನು ಮೈಕನ್ನು ಬಾಯಿಯ ಹತ್ತಿರ ತಂದ. ಅಷ್ಟರಲ್ಲಿ ಅಪ್ಪಯ್ಯಣ್ಣ ಕುರ್ಚಿಯಿಂದ ಎದ್ದು, ಎದೆ ಸೆಟೆಸಿ, ಮಗನಿಗೆ ಸೆಲ್ಯೂಟ್ ಹೊಡೆದ. ಎಡಗೈಯಲ್ಲಿ ಹೊಡೆದ. ಯಾವ ಹುಡುಗ ಹಾಗೆ ಹೊಡೆದರೂ ಸುನಿಲ ಬಿಡುತ್ತಿರಲಿಲ್ಲ, ಕೈ ಹಿಡಿದು ತಿದ್ದುತ್ತಿದ್ದ.

"ನಾನು... ನಾಳಿದ್ದು ಡ್ಯೂಟಿಗೆ ಹೋಗ್ಬೇಕು," ಎಂದ ಮೈಕಿನಲ್ಲಿ. "ಎಲ್ಲರ ಆಶೀರ್ವಾದ ಇರ್ಲಿ." ಚಪ್ಪಾಳೆ ನಿಲ್ಲುವಷ್ಟರಲ್ಲಿ ಹುಡುಗಿಯ ಅಪ್ಪ ಬಂದು ಅವನ ಕೈ ಕುಲುಕಿ, "ನೌಕ್ರಿ ಖಾಯಂ ಆಯ್ತಂತೆ, ಸಂತೋಷ ಕಣಪ್ಪಾ" ಅಂದರು. ಅವನು ತಲೆಯಾಡಿಸಿದ.

ವ್ಯಾನು ಹೊರಟಿತು. ತೂಬಗೆರೆಯಿಂದ ಹೊರಡುವ ದಾರಿ ಅವನ ಊರಿನ ಮೇಲೆಯೇ, ಅವನ ಮನೆಯ ಮುಂದೆಯೇ ಹಾದುಹೋಗುತ್ತದೆ. ಬಾಗಿಲು ತೆರೆದಿತ್ತು. ಜಗಲಿಯ ಮೇಲೆ ಮೊದಲ ಸಲದ ಹಾರವನ್ನು, ಬರೀ ದಾರ ಉಳಿದದ್ದನ್ನು, ಅಪ್ಪ ಗೂಟಕ್ಕೆ ಹಾಗೆಯೇ ನೇತುಹಾಕಿದ್ದ. ಹುಡುಗರು ಹಾಡು ಹೇಳುತ್ತಿದ್ದರು. ಡ್ರೈವರ್ "ನಿಲ್ಲಿಸ್ಲಾ ಸಾರ್?" ಎಂದು ಕೇಳಿದ. ಬೇಡ ಎಂದು ಸನ್ನೆ ಮಾಡಿದ.

ದೇವನಹಳ್ಳಿ ಹತ್ತಿರ ಬಂದಾಗ ಫೋನು ಬಂತು. ಗೃಹಪ್ರವೇಶದ ಗದ್ದಲದ ನಡುವಿನಿಂದ ಸುಬೇದಾರರು ಕೂಗುತ್ತಿದ್ದರು. "ಗೆದ್ರಂತೆ, ಶಭಾಷ್! ಅದಿರ್ಲಿ, ಹೇಳ್ಬಿಟ್ಯಾ?"

ಕೊರಳಲ್ಲಿ ಹಾರ ಇನ್ನೂ ಇತ್ತು. ತೆಗೆದು ಸೀಟಿನ ಮೇಲಿಟ್ಟ.

"ಹ್ಞೂಂ," ಅಂದ ಸುನಿಲ.